ಬೀಡಿಯ ಹೊಗೆಗೂ ಬೆರಳ ಗಂಟಿನ ಊತಕ್ಕೂ ಏನು ನಂಟು?

ಹೊಗೆ ಹೋಗುವುದು ಶ್ವಾಸಕೋಶಕ್ಕೆ, ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಬರುವುದು ಕೀಲಿಗೆ. ಹೀಗಿರುವಾಗ ಸಂಬಂಧವೇನೆಂದು ನೀವು ಕೇಳಿದ್ದೀರಿ. ಬೀಡಿ, ಸಿಗರೇಟಿನ ಹೊಗೆ ಶ್ವಾಸನಾಳಗಳ ಒಳಪದರವನ್ನು ಕೆರಳಿಸಿದಾಗ ಅಲ್ಲಿನ ಕಿಣ್ವಗಳು ಪ್ರೋಟೀನುಗಳಲ್ಲಿರುವ ಅರ್ಜಿನಿನ್ ಎಂಬ ಅಂಶವನ್ನು ಸಿಟ್ರುಲಿನ್ ಆಗಿ ಮಾರ್ಪಡಿಸುತ್ತವೆ. ಹೀಗೆ ರೂಪ ಬದಲಾದ ಸ್ವಂತ ಪ್ರೋಟೀನನ್ನೇ ಪರಕೀಯವೆಂದು ತಿಳಿಯುವ ರೋಗನಿರೋಧಕ ವ್ಯವಸ್ಥೆ, ವಿಶೇಷವಾಗಿ ಕೆಲವು ವಂಶವಾಹಿಗಳುಳ್ಳವರಲ್ಲಿ, ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಇವು ರಕ್ತದೊಂದಿಗೆ ಹರಿದು ಮುಂದೆ ಕೀಲುಗಳ ಉರಿಯೂತಕ್ಕೂ ದಾರಿ ಮಾಡಬಹುದು. ಆಂಟಿ-ಸಿಸಿಪಿ ರಕ್ತಪರೀಕ್ಷೆ ಹುಡುಕುವುದು ಇವನ್ನೇ. ಕೀಲು ನೋಯುವುದಕ್ಕೆ ಹಲವು ವರ್ಷ ಮೊದಲೇ ಇವು ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಬೆಟಗೇರಿಯಲ್ಲಿ ಮಗ್ಗ ನಡೆಸುವ ನಮ್ಮ ಕಾಕಾ ಬೆಳಿಗ್ಗೆ ಬೆರಳು ಬಿಗಿದು ತಾಸುಗಟ್ಟಲೆ ಕಡಿದ ಎಳೆಗೆ ಗಂಟು ಹಾಕಲಾರದೆ ಕೂಡುತ್ತಿದ್ದಾಗ ನಾವೆಲ್ಲ ಅದನ್ನು ವಯಸ್ಸಿನ ವಾತವೆಂದೇ ತಿಳಿದಿದ್ದೆವು. ಬೀಡಿ ಬಿಟ್ಟರೂ ಅಪಾಯ ಇಳಿಯಲು ವರ್ಷಗಳು ಬೇಕು. ಸೇದುತ್ತಲೇ ಇದ್ದರೆ ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ನಂತಹ ಔಷಧಿಯೂ ಅಷ್ಟಾಗಿ ನಾಟದಿರಬಹುದು.