ಆಣೆ ಹಾಕಿದರೂ ಬಿಡದ ಚಟ

(ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಮೊದಲು ಬಂದವರು ಹೆಂಡತಿ. ಮನೆ ಮುಂಬಯಿ ಹತ್ತಿರದ ಡೊಂಬಿವಲಿ, ತವರು ಕುಂದಾಪುರದ ಕಡೆ. ಮದುವೆಯಾಗಿ ಎರಡು ವರ್ಷ. "ನನ್ನಲ್ಲೇ ಏನೋ ಕೊರತೆ ಇರ್ಬೇಕು ಮೇಡಂ, ಇವರು ಹತ್ತಿರಾನೇ ಬರಲ್ಲ" ಅಂದರು. ಸಣ್ಣಗಾಗಬೇಕು ಅಂತ ರಾತ್ರಿ ಊಟ ಬಿಟ್ಟಿದ್ದರು. ಅತ್ತೆ ಮಾತ್ರ ತಿಂಗಳು ತಿಂಗಳು "ಏನಾದ್ರೂ ವಿಶೇಷ ಉಂಟಾ?" ಅಂತ ಇವರನ್ನೇ ಕೇಳುತ್ತಿದ್ದರು. ಒಂದು ದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ, ಗಂಡ ಅಡುಗೆಮನೆಯ ಕತ್ತಲಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದರು. ಅಶ್ಲೀಲ ವಿಡಿಯೋ ನೋಡುವ ಚಟ ಅಂತ ಗೊತ್ತಾಗಿದ್ದು ಆಗಲೇ.

ಮುಂದಿನ ವಾರ ಗಂಡ ಬಂದರು. ಮುಂಬಯಿಯ ಫೋರ್ಟ್ ಕಡೆ ಲೆಕ್ಕಪತ್ರದ ಕೆಲಸ. ಕಾಲೇಜಿನಲ್ಲಿ ಗೆಳೆಯರ ಜೊತೆ ಶುರುವಾದ ಅಭ್ಯಾಸ, 2016ರ ನಂತರ ಡೇಟಾ ಅಗ್ಗವಾದ ಮೇಲೆ ದಿನನಿತ್ಯದ್ದಾಯಿತು. ರಾತ್ರಿ ಎರಡರವರೆಗೆ ಫೋನು. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನಿಂತಲ್ಲೇ ತೂಕಡಿಕೆ. ಆಫೀಸಿನಲ್ಲಿ ಎಂಟ್ರಿ ತಪ್ಪುತ್ತಿತ್ತು, ಸಾಹೇಬರ ಬೈಗುಳ ಬೀಳುತ್ತಿತ್ತು, ಆ ಬೇಜಾರಿಗೆ ಮತ್ತೆ ಫೋನು. ಹೆಂಡತಿಯ ಜೊತೆ ಒಂದೆರಡು ಸಲ ದೇಹ ಸ್ಪಂದಿಸಲಿಲ್ಲ. ಹೆದರಿ ದೂರವೇ ಉಳಿದರು.

ಅವರನ್ನು ಹೆಚ್ಚು ಹಿಂಡಿದ್ದು ಬೇರೆಯೇ. ಮದುವೆಗೆ ಮುಂಚೆ ಧರ್ಮಸ್ಥಳಕ್ಕೆ ಹೋಗಿ, ಇನ್ನು ನೋಡುವುದಿಲ್ಲ ಅಂತ ಮಂಜುನಾಥನ ಮೇಲೆ ಆಣೆ ಮಾಡಿದ್ದರಂತೆ. ವಾರದಲ್ಲೇ ಮುರಿಯಿತು. ಅಮ್ಮನಿಗೆ ಕಾಲುನೋವು ಬಂದರೂ, ಪ್ರಮೋಷನ್ ತಪ್ಪಿದರೂ ಅದರಿಂದಲೇ ಅಂತ ಭಯ. ನಮ್ಮ ಕಡೆಯವರಿಗೆ ಈ ಭಯ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಹಾಗಾಗಿ ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲಿಲ್ಲ. "ತಪ್ಪು ಕಾಣಿಕೆ ತೆಗೆದಿಡಿ, ಊರಿಗೆ ಹೋದಾಗ ಒಪ್ಪಿಸಿ. ಆದರೆ ಹೊಸ ಆಣೆ ಖಂಡಿತ ಬೇಡ" ಅಂದೆ. ಆಣೆ ಮುರಿದ ದಿನ ನಾಚಿಕೆ ಜಾಸ್ತಿ. ಆ ನಾಚಿಕೆ ಮರೆಯಲು ಕೈಗೆ ಸಿಗುವುದು ಅದೇ ಫೋನು.

ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂತು. ತಡೆಯಲಾಗದ ಲೈಂಗಿಕ ವರ್ತನೆ ತಿಂಗಳುಗಟ್ಟಲೆ ಮುಂದುವರಿದು ಬದುಕನ್ನು ಹಾಳುಮಾಡುತ್ತಿದ್ದರೆ ಅದು ಕಾಯಿಲೆ ಅಂತ ಅದರಲ್ಲಿದೆ. ಬರೀ 'ಪಾಪ ಮಾಡಿದೆ' ಅನ್ನುವ ಕೊರಗು ಇದ್ದರೆ ಅಷ್ಟಕ್ಕೇ ಕಾಯಿಲೆ ಅನ್ನಬಾರದು ಅಂತಲೂ ಇದೆ. ಇದನ್ನು ಹೇಳಿದಾಗ ಅವರು ಅತ್ತರು. ಇವರಿಗೆ ಎರಡೂ ಇತ್ತು. ಮೊದಲು ವೈದ್ಯರ ಹತ್ತಿರ ಕಳಿಸಿದೆ. ದೇಹ ಸ್ಪಂದಿಸದಿರುವುದಕ್ಕೆ ಸಕ್ಕರೆ ಕಾಯಿಲೆ, ಬಿಪಿ, ಖಿನ್ನತೆ ಕೂಡ ಕಾರಣ ಇರಬಹುದು. ರಿಪೋರ್ಟಿನಲ್ಲಿ ತೊಂದರೆ ಇರಲಿಲ್ಲ.

ಆಮೇಲೆ ಒಂದು ಸಣ್ಣ ಪುಸ್ತಕದಲ್ಲಿ ಬರೆಯಲು ಹೇಳಿದೆ: ಯಾವಾಗ ನೋಡಬೇಕು ಅನ್ನಿಸಿತು, ಅದಕ್ಕೆ ಮುಂಚೆ ಏನಾಗಿತ್ತು. ಬರೆದದ್ದನ್ನು ಓದಿದರೆ ಆಸೆ ಕಡಿಮೆ, ಬೇಜಾರೇ ಜಾಸ್ತಿ. ಸಾಹೇಬರು ಬೈದ ದಿನ. ಊರಿಂದ ಅಣ್ಣ ಸಾಲದ ಕಂತಿನ ಬಗ್ಗೆ ಫೋನ್ ಮಾಡಿದ ದಿನ. ನಾವು ಹಿಡಿದದ್ದು ಈ ದಿನಗಳನ್ನೇ. ಫೋನು ರಾತ್ರಿ ಹೊರಗಿನ ಕೋಣೆಯಲ್ಲಿ, ಅಮ್ಮ ಮಲಗುವ ಕಡೆ ಚಾರ್ಜಿಗೆ. ಏಳಲು ಬೇರೆ ಅಲಾರಾಂ ಗಡಿಯಾರ. ಹೆಂಡತಿ ಮಲಗುವ ಹೊತ್ತಿಗೇ ಮಲಗುವುದು. ಆ ತುಡಿತ ಹಾಲು ಉಕ್ಕಿದ ಹಾಗೆ ಏರುತ್ತದೆ, ಉರಿ ತಗ್ಗಿಸಿದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಕೆಳಗಿಳಿದು ಸೊಸೈಟಿ ಸುತ್ತ ನಡೆದು ಬನ್ನಿ ಅಂದೆ.

ಇಬ್ಬರಿಗೂ ಕೆಲವು ವಾರ ಸಂಭೋಗದ ಮಾತೇ ಬೇಡ ಅಂದೆ. ಕೈ ಹಿಡಿದು ಕೂತುಕೊಳ್ಳಿ, ಮಾತಾಡಿ, ಸಾಕು. ಹೆಂಡತಿಗೆ ಬೇರೆಯಾಗಿ ಹೇಳಿದೆ: ಇದು ನಿಮ್ಮ ಮೈಬಣ್ಣಕ್ಕೋ ತೂಕಕ್ಕೋ ಬಂದದ್ದಲ್ಲ, ನೀವು ಬರುವ ಎಷ್ಟೋ ವರ್ಷ ಮುಂಚೆ ಇತ್ತು. ರಾತ್ರಿ ಊಟ ಮಾಡಿ. ಅವರ ಫೋನ್ ತೆಗೆದು ನೋಡುತ್ತಾ ಪೊಲೀಸ್ ಆಗಬೇಡಿ. ವಿಡಿಯೋದಲ್ಲಿ ಇದ್ದದ್ದನ್ನು ಮಾಡು ಅಂತ ಯಾವತ್ತಾದರೂ ಬಲವಂತ ಮಾಡಿದರೆ ಅದು ಹಿಂಸೆ, ನನಗೆ ತಿಳಿಸಿ.

ಗಂಡನ ಹಳೇ ವಾಟ್ಸಾಪ್ ಗುಂಪಿನ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಮಾತಾಡಿದೆ. ಅಲ್ಲಿ ಬರುವ 'ಲೀಕ್ ಆದ' ಕ್ಲಿಪ್ಪಿನಲ್ಲಿರುವ ಹುಡುಗಿ ಅದಕ್ಕೆ ಒಪ್ಪಿದ್ದಾಳೆ ಅಂತ ಯಾರು ಹೇಳಿದರು? ನಂಬಿದವನೇ ಹರಿಬಿಟ್ಟಿರುತ್ತಾನೆ. ಎಷ್ಟೋ ಹುಡುಗಿಯರ ಓದು, ಕೆಲಸ, ಮದುವೆ ಇದರಲ್ಲಿ ಮುಗಿದುಹೋಗಿದೆ. ಅಂಥದ್ದನ್ನು ಫಾರ್ವರ್ಡ್ ಮಾಡಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್ 67ಎ ಪ್ರಕಾರ ಮೊದಲ ಸಲವೇ ಐದು ವರ್ಷದವರೆಗೆ ಜೈಲು ಆಗಬಹುದು. ಮಕ್ಕಳ ಅಶ್ಲೀಲ ದೃಶ್ಯವಾದರೆ ನೋಡುವುದು, ಇಟ್ಟುಕೊಳ್ಳುವುದು ಕೂಡ ಅಪರಾಧವಾಗುತ್ತದೆ ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಅವರು ನನ್ನೆದುರೇ ಗುಂಪಿನಿಂದ ಹೊರಬಂದರು.

ಪೂರ್ತಿ ಬಿಟ್ಟಿದ್ದಾರೆ ಅನ್ನಲಾರೆ. ಆಡಿಟ್ ಸಮಯದಲ್ಲಿ ಜಾರಿದರು. ಆದರೆ ಮರುದಿನ ಬೆಳಿಗ್ಗೆ ತಾವೇ ಹೆಂಡತಿಗೆ ಹೇಳಿದರು. ಆಕೆಗೆ ಸಿಟ್ಟು ಬಂತು, ಎರಡು ದಿನ ಮಾತು ಬಿಟ್ಟರು. ಅದು ಸಹಜ ಅಲ್ವಾ? ಮೊದಲಿನ ಹಾಗೆ ತನ್ನದೇ ತಪ್ಪು ಅಂತ ಮಾತ್ರ ಅಂದುಕೊಳ್ಳಲಿಲ್ಲ. ಈಗ 'ವಿಶೇಷ'ದ ಪ್ರಶ್ನೆಗೆ "ಅದನ್ನು ನಾವು ನೋಡಿಕೊಳ್ತೇವೆ ಅಮ್ಮ" ಅಂತ ಮಗನೇ ಉತ್ತರ ಕೊಡುತ್ತಾರೆ.

ಇದೇ ತೊಂದರೆ ಇದ್ದು ಯಾರ ಹತ್ತಿರವೂ ಹೇಳಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಮುಂಬಯಿಯಿಂದಲೂ ಕನ್ನಡ ಆರಿಸಿಕೊಂಡು ಮಾತಾಡಬಹುದು. ಹೇಗೆ ಶುರು ಮಾಡಲಿ ಅಂತ ತೋಚದಿದ್ದರೆ "ರಾತ್ರಿ ಫೋನ್ ಬಿಡಲು ಆಗ್ತಿಲ್ಲ" ಅಂದರೂ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.