ಆಕ್ಸೆಸ್ ಫಾರ್ಮಿನ 26 ಬಟನ್‌ಗೆ ಒಂದೇ ಕೋಡ್ ಸಾಕೇ?

ನೀವು ಕೇಳಿದ್ದು ಇದು: ಪುಣೆಯ ನಿಮ್ಮ ಕನ್ನಡ ಬಳಗದ ಸದಸ್ಯರ ಪಟ್ಟಿ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಅಡ್ಡಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಒತ್ತಿದರೆ ಆ ಹೆಸರುಗಳಷ್ಟೇ ಕಾಣಬೇಕು. ಅದಕ್ಕೆ 26 ಬಟನ್, 26 ಪ್ರೊಸೀಜರ್ (ಬಟನ್ ಒತ್ತಿದಾಗ ಓಡುವ ಕೋಡಿನ ತುಣುಕು). ಇದರ ಮೇಲೆ ಪ್ರತಿ ಫಾರ್ಮಿನಲ್ಲೂ (ಮಾಹಿತಿ ತುಂಬುವ, ನೋಡುವ ಪರದೆಯಲ್ಲಿ) ಸೇವ್, ಪ್ರಿಂಟ್, ಡಿಲೀಟ್. ಎಲ್ಲಕ್ಕೂ ಒಂದೇ ಕೋಡ್ ಆಗುತ್ತದೆಯೇ?

ಆಗುತ್ತದೆ. ಭೋಸರಿ ಕಡೆಯ ಸಣ್ಣ ಕಾರ್ಖಾನೆಗಳಿಗೆ ನಾನು ಇದೇ ಕೆಲಸ ಮಾಡಿಕೊಡುತ್ತೇನೆ. ಆದರೆ ನಿಮ್ಮದು ಎರಡು ಬೇರೆ ಬೇರೆ ಸಮಸ್ಯೆ. ಬೆರೆಸಬೇಡಿ.

ಅಕ್ಷರಗಳಿಗೆ ಕಮಾಂಡ್ ಬಟನ್ ಬೇಡವೇ ಬೇಡ. ಒಂದು ಆಪ್ಷನ್ ಗ್ರೂಪ್ (ಒಮ್ಮೆಗೆ ಒಂದನ್ನಷ್ಟೇ ಆರಿಸಬಹುದಾದ ಬಟನ್‌ಗಳ ಚೌಕಟ್ಟು) ಹಾಕಿ, ಅದರೊಳಗೆ 26 ಟಾಗಲ್ ಬಟನ್ ಇಡಿ. ಅವುಗಳ ಆಪ್ಷನ್ ವ್ಯಾಲ್ಯೂ 1ರಿಂದ 26. ಯಾವುದನ್ನು ಒತ್ತಿದರೂ ಗ್ರೂಪಿಗೆ ಆ ಸಂಖ್ಯೆ ಸಿಗುತ್ತದೆ, ಗ್ರೂಪಿನ ಆಫ್ಟರ್ ಅಪ್‌ಡೇಟ್ (ಆಯ್ಕೆ ಬದಲಾದ ಮೇಲೆ ಓಡುವ ಕೋಡ್) ಒಂದೇ ಸಲ ಓಡುತ್ತದೆ. ಸಂಖ್ಯೆಗೆ 64 ಕೂಡಿಸಿ, ಸಂಖ್ಯೆಯನ್ನು ಅಕ್ಷರವಾಗಿಸುವ ಸಿಎಚ್‌ಆರ್ ಫಂಕ್ಷನ್‌ಗೆ ಕೊಟ್ಟರೆ ಅಕ್ಷರ ಬರುತ್ತದೆ: 11 ಒತ್ತಿದರೆ 75, ಅಂದರೆ ಕೆ. ಕುಲಕರ್ಣಿಗಳೆಲ್ಲ ಅಲ್ಲೇ ಸಿಕ್ಕರು! ಅಕ್ಷರದ ನಂತರ ನಕ್ಷತ್ರ ಚಿಹ್ನೆ ಸೇರಿಸಿ ಲೈಕ್ ಷರತ್ತು (ಆ ಅಕ್ಷರದಿಂದ ಶುರುವಾಗುವ ಹೆಸರುಗಳೆಲ್ಲ ಎಂದರ್ಥ) ಮಾಡಿ, ಫಾರ್ಮಿನ ಫಿಲ್ಟರ್‌ಗೆ ಹಾಕಿ, ಫಿಲ್ಟರ್ ಆನ್ ಮಾಡಿ. 27ನೆಯದು 'ಎಲ್ಲರೂ', ಅದಕ್ಕೆ ಫಿಲ್ಟರ್ ಆಫ್. ಒತ್ತಿದ ಬಟನ್ ಒತ್ತಿದಂತೆಯೇ ಕಾಣುವುದರಿಂದ ಈಗ ಯಾವ ಅಕ್ಷರದಲ್ಲಿದ್ದೇವೆ ಎಂದೂ ತಿಳಿಯುತ್ತದೆ. ಗ್ರೂಪಿನ ಕಂಟ್ರೋಲ್ ಸೋರ್ಸ್ (ಆಯ್ಕೆ ಪಟ್ಟಿಯ ಯಾವ ಕಾಲಮ್ಮಿನಲ್ಲಿ ಉಳಿಯಬೇಕು ಎಂಬುದು) ಮಾತ್ರ ಖಾಲಿ ಇರಲಿ. ಇಲ್ಲದಿದ್ದರೆ ಒತ್ತಿದಾಗಲೆಲ್ಲ ಯಾರದೋ ರೆಕಾರ್ಡ್ ಬದಲಾಗಿಬಿಡುತ್ತದೆ.

ಸೇವ್, ಪ್ರಿಂಟ್, ಡಿಲೀಟ್ ದಾರಿ ಬೇರೆ. ಸ್ಟ್ಯಾಂಡರ್ಡ್ ಮಾಡ್ಯೂಲಿನಲ್ಲಿ (ಎಲ್ಲ ಫಾರ್ಮಿಗೂ ಸಿಗುವ ಕೋಡ್ ಇಡುವ ಜಾಗದಲ್ಲಿ) ಒಂದು ಪಬ್ಲಿಕ್ ಫಂಕ್ಷನ್ ಬರೆಯಿರಿ. ಸಬ್ (ಉತ್ತರ ಹಿಂತಿರುಗಿಸದ ಪ್ರೊಸೀಜರ್) ಅಲ್ಲ, ಫಂಕ್ಷನ್ನೇ ಆಗಬೇಕು. ಬಟನ್ನಿನ ಆನ್ ಕ್ಲಿಕ್ ಪ್ರಾಪರ್ಟಿಯಲ್ಲಿ 'ಈವೆಂಟ್ ಪ್ರೊಸೀಜರ್' ತೆಗೆದು, ಸಮ ಚಿಹ್ನೆ ಹಾಕಿ ಫಂಕ್ಷನ್ ಹೆಸರು ಬರೆಯಿರಿ. ಆವರಣದೊಳಗೆ ಎರಡು ವಿಷಯ ಕಳಿಸಿ: ಚೌಕ ಆವರಣದಲ್ಲಿ ಫಾರ್ಮ್ ಎಂಬ ಪದ, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಕೆಲಸದ ಹೆಸರು. ಫಂಕ್ಷನ್ ಒಳಗೆ ಸೆಲೆಕ್ಟ್ ಕೇಸ್: ಕೆಲಸದ ಹೆಸರು ನೋಡಿ ದಾರಿ ಆರಿಸುವ ಕೋಡ್. ಸೇವ್‌ಗೆ ಆ ಫಾರ್ಮಿನ ಡರ್ಟಿ ಪ್ರಾಪರ್ಟಿಯನ್ನು (ಸೇವ್ ಆಗದ ಬದಲಾವಣೆ ಇದೆ ಎಂದು ತೋರಿಸುವ ಗುರುತನ್ನು) ಫಾಲ್ಸ್ ಮಾಡಿದರೆ ಸಾಕು.

'ಸ್ಕ್ರೀನ್ ಡಾಟ್ ಆಕ್ಟಿವ್ ಕಂಟ್ರೋಲ್ ಬಳಸಿದರೆ ಏನೂ ಕಳಿಸಬೇಕಿಲ್ಲ' ಎಂದು ಜಾಸ್ತಿ ಜನ ಹೇಳುತ್ತಾರೆ. ಅದು ಈಗ ಫೋಕಸ್, ಅಂದರೆ ಕರ್ಸರ್, ಇರುವ ಕಂಟ್ರೋಲನ್ನು (ಬಟನ್ ಅಥವಾ ಪೆಟ್ಟಿಗೆಯನ್ನು) ಕೊಡುತ್ತದೆ. ನಾನು ಬೇಡ ಅನ್ನುತ್ತೇನೆ. ನಾಳೆ ಚೆಂದಕ್ಕೆ ಬಟನ್ ಬದಲು ಒಂದು ಚಿತ್ರ ಇಟ್ಟಿರಿ ಎನ್ನೋಣ. ಚಿತ್ರಕ್ಕೆ ಫೋಕಸ್ ಹೋಗುವುದೇ ಇಲ್ಲ, ಮೊದಲು ಕರ್ಸರ್ ಎಲ್ಲಿತ್ತೋ ಆ ಕಂಟ್ರೋಲೇ ಸಿಗುತ್ತದೆ. ಆಕ್ಟಿವ್ ಫಾರ್ಮ್ ಕೂಡ ಹಾಗೇ: ಸಬ್‌ಫಾರ್ಮಿನ (ಫಾರ್ಮಿನೊಳಗೆ ಕೂತ ಇನ್ನೊಂದು ಫಾರ್ಮಿನ) ಬಟನ್ ಒತ್ತಿದರೂ ಅದು ಕೊಡುವುದು ಮುಖ್ಯ ಫಾರ್ಮನ್ನು. ಸದಸ್ಯರ ಫಾರ್ಮಿನೊಳಗೆ ವಂತಿಗೆಯ ಸಬ್‌ಫಾರ್ಮ್ ಇದ್ದರೆ, ಒಂದು ವಂತಿಗೆ ಅಳಿಸಲು ಹೋಗಿ ಸದಸ್ಯರೇ ಅಳಿಸಿಹೋಗಬಹುದು. ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಫಾರ್ಮನ್ನು ನೀವೇ ಕಳಿಸಿದರೆ ಈ ಗೊಂದಲ ಇರುವುದಿಲ್ಲ.

ಹಾಗಂತ ಎಲ್ಲವನ್ನೂ ಆ ಫಂಕ್ಷನ್ನಿಗೆ ಸುಮ್ನೆ ತುಂಬಬೇಡಿ. ಒಂದೇ ಫಾರ್ಮಿನಲ್ಲಿ ಬರುವ ಕೆಲಸ ಆ ಫಾರ್ಮಿನಲ್ಲೇ ಇರಲಿ. ಫಂಕ್ಷನ್ ಹೆಸರು ತಪ್ಪಿದ್ದರೆ ಕಂಪೈಲ್ ಮಾಡಿದಾಗ (ಓಡಿಸುವ ಮೊದಲು ಕೋಡ್ ಪರೀಕ್ಷಿಸಿದಾಗ) ಗೊತ್ತಾಗುವುದಿಲ್ಲ, ಒತ್ತಿದಾಗಲೇ ಎರರ್. ಹಾಗಾಗಿ ಪ್ರತಿ ಬಟನ್ ಒಮ್ಮೆ ಒತ್ತಿ ನೋಡಿ. ಮಾಡ್ಯೂಲಿಗೂ ಫಂಕ್ಷನ್ನಿಗೂ ಒಂದೇ ಹೆಸರು ಕೊಟ್ಟರೆ ಆಕ್ಸೆಸ್‌ಗೆ ಆ ಫಂಕ್ಷನ್ ಸಿಗುವುದೇ ಇಲ್ಲ, ಎರಡಕ್ಕೂ ಬೇರೆ ಹೆಸರಿಡಿ.