ಚಿತ್ರದುರ್ಗದ ನಮ್ಮ ಶಾಲೆಗೆ ಏರ್ ಪ್ಯೂರಿಫೈಯರ್ ಹಾಕಿಸಿದರೆ ಮಕ್ಕಳಿಗೆ ನೆಗಡಿ, ಜ್ವರ ಹರಡೋದು ಕಡಿಮೆ ಆಗುತ್ತಾ?

ಕಡಿಮೆ ಆಗಬಹುದು, ಆದರೆ ಕೋಣೆಗೆ ತಕ್ಕ ಮಷಿನ್ ಇರಬೇಕು. ಸುಮ್ನೆ ಪುಟ್ಟದೊಂದನ್ನು ತಂದು ಬೀರು ಹಿಂದೆ ಇಟ್ಟರೆ ದುಡ್ಡು ದಂಡ.

ಫ್ಲೂ, ಕೊರೋನಾ, ದಡಾರದ ವೈರಸ್‌ಗಳು ಕೆಮ್ಮಿದಾಗ, ಮಾತಾಡಿದಾಗ ಹೊರಬರುವ ಸಣ್ಣ ಕಣಗಳಲ್ಲಿ ತೇಲುತ್ತವೆ. ಒಳ್ಳೆ ಪ್ಯೂರಿಫೈಯರ್‌ನಲ್ಲಿರುವ ಹೆಪಾ ಅನ್ನುವ ಸೂಕ್ಷ್ಮ ಫಿಲ್ಟರ್ 0.3 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣಗಳಲ್ಲಿ 99.97% ಹಿಡಿಯುತ್ತದೆ. ಅದಕ್ಕಿಂತ ಮುಖ್ಯ, ಗಂಟೆಗೆ ಎಷ್ಟು ಗಾಳಿ ಸೋಸುತ್ತದೆ ಅನ್ನೋದು. ಡಬ್ಬದ ಮೇಲೆ ಈ ಲೆಕ್ಕ ಸಿಎಡಿಆರ್ ಅಂತ ಇರುತ್ತದೆ, ನೋಡಿ. ಗಂಟೆಗೆ 5 ಸಲವಾದರೂ ಕೋಣೆಯಷ್ಟು ಶುದ್ಧ ಗಾಳಿ ಸಿಗಬೇಕು ಅನ್ನುತ್ತದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕ್ಲಾಸ್‌ರೂಮ್ ಅಂದರೆ ಸುಮಾರು 113 ಘನ ಮೀಟರ್. ಅದರ ಐದರಷ್ಟು 565. ಗಂಟೆಗೆ 300 ಘನ ಮೀಟರ್ ಸೋಸುವ ಮಷಿನ್ ಆದರೆ ಎರಡು ಬೇಕು, ಅದೂ ಫುಲ್ ಸ್ಪೀಡಿನಲ್ಲಿ. ಆಗ ಸದ್ದು ಜಾಸ್ತಿ. ಹಿಂದಿನ ಬೆಂಚಿಗೆ ಮೇಷ್ಟ್ರ ಮಾತು ಕೇಳುತ್ತಾ ಅಂತ ಕೊಳ್ಳುವ ಮುಂಚೆಯೇ ಪರೀಕ್ಷಿಸಿ.

ನಿಮ್ಮೂರಿನ ಗಾಳಿ ಗೊತ್ತಲ್ವಾ? ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಕರೆಂಟ್ ತಯಾರಿಸುವ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಎದುರುಬದುರಿನ ಕಿಟಕಿ ತೆರೆದಿಡಿ, ಮೊದಲ ಮದ್ದು ಅದೇ. ಮಳೆಗೋ ಧೂಳಿಗೋ ಕಿಟಕಿ ಮುಚ್ಚಬೇಕಾದಾಗ ಮಷಿನ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಓಝೋನ್ ಬಿಡುವ ಮಷಿನ್ ಬೇಡವೇ ಬೇಡ, ಮಕ್ಕಳ ಶ್ವಾಸಕೋಶಕ್ಕೆ ಕೆಟ್ಟದ್ದು. ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತ ಮಗು ಕೆಮ್ಮಿದರೆ ಯಾವ ಫಿಲ್ಟರ್ರೂ ಪೂರ್ತಿ ತಡೆಯಲಾರದು. ಜ್ವರ ಬಂದ ಮಗುವನ್ನು ಹಾಜರಾತಿಗಾಗಿ ಶಾಲೆಗೆ ಕಳಿಸಬೇಡಿ ಅಂತ ಪೋಷಕರ ಸಭೆಯಲ್ಲಿ ದಯವಿಟ್ಟು ಹೇಳಿ.